ಮಡಿಕೆಯಲ್ಲಿ ಅಡಗಿದ ಪ್ರಾಣ

ರೇಷ್ಮೆ ಸೀರೆಯನ್ನು ಮಡಿಸುವಾಗ ಮನೆಯ ಹೆಂಗಸರು ಅಂಚಿಗೆ ಅಂಚು ಕೂಡಿಸಿ, ಕೈಯಿಂದ ನೇವರಿಸುವುದನ್ನು ನಾವೆಲ್ಲರೂ ಕಂಡವರೇ. ಅಲ್ಲಿ ಮಡಿಕೆ ತಪ್ಪಿದರೆ ಒಂದು ಸುಕ್ಕು ಬಿದ್ದೀತು, ಅಷ್ಟೆ. ಆದರೆ ಮಡಿಕೆ ತಪ್ಪಿದರೆ ಪ್ರಾಣಕ್ಕೇ ಎರವಾಗುವ ಬಟ್ಟೆಯೂ ಒಂದುಂಟು. ಅದೇ 'ಬೇಸ್' ಧುಮುಕುಗಾರರ ಪ್ಯಾರಾಶೂಟು.

ಕಟ್ಟಡ, ಆಂಟೆನಾ ಕಂಬ, ಸೇತುವೆ, ಬೆಟ್ಟದ ಕಡಿಬಂಡೆ ಈ ನಾಲ್ಕನ್ನು ಸೂಚಿಸುವ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಕೂಡಿ 'ಬೇಸ್' ಎಂದಾಯಿತು. 1978ರಲ್ಲಿ ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯಿಂದ ಧುಮುಕಿದವರ ಚಲನಚಿತ್ರ ತೆಗೆದ ಕಾರ್ಲ್ ಬೋನಿಷ್ ಈ ಕ್ರೀಡೆಯ ಆದ್ಯರಲ್ಲೊಬ್ಬನು. 1984ರಲ್ಲಿ ನಾರ್ವೆ ದೇಶದ ಬಂಡೆಯೊಂದರಿಂದ ಧುಮುಕಿ ಆತ ಮಡಿದನು.

ವಿಮಾನದಿಂದ ಧುಮುಕುವವನಿಗೆ ಸಾವಿರಾರು ಅಡಿಗಳ ಅವಕಾಶವಿದೆ. ಒಂದು ಕೊಡೆ ಕೈಕೊಟ್ಟರೆ ಬೆನ್ನಮೇಲೆ ಮತ್ತೊಂದಿದೆ. ಬೇಸ್ ಧುಮುಕುಗಾರನಿಗೆ ಸಾಮಾನ್ಯವಾಗಿ ಇರುವುದು ಒಂದೇ. ಅಮೆರಿಕದ ಇಡಾಹೊ ಸಂಸ್ಥಾನದ ಪೆರಿನ್ ಸೇತುವೆ ನದಿಯಿಂದ 486 ಅಡಿ ಎತ್ತರದಲ್ಲಿದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಬಿದ್ದ ವಸ್ತು ಒಂದು ಸೆಕೆಂಡಿಗೆ 16 ಅಡಿ, ಎರಡಕ್ಕೆ 64, ಮೂರಕ್ಕೆ 144 ಅಡಿ ಇಳಿದಿರುತ್ತದೆ. ಐದೂವರೆ ಸೆಕೆಂಡಿಗೆ ನೀರು ಮುಟ್ಟುತ್ತದೆ. ಅಷ್ಟರೊಳಗೆ ಕೊಡೆ ಬಿಚ್ಚಿಕೊಳ್ಳಬೇಕು.

ಹಾಗಾದರೆ ಬೇಗ ಬಿಚ್ಚಿಕೊಂಡಷ್ಟೂ ಒಳ್ಳೆಯದೆ? ಅಲ್ಲ. ವೇಗವಾಗಿ ಬೀಳುತ್ತಿರುವಾಗ ಕೊಡೆ ಥಟ್ಟನೆ ತೆರೆದರೆ ಬಟ್ಟೆ ಹರಿಯಬಹುದು, ಮೈಮೂಳೆಗೂ ಪೆಟ್ಟಾಗಬಹುದು. ಇದಕ್ಕಾಗಿ 'ಸ್ಲೈಡರ್' ಎಂಬ ಆಯತಾಕಾರದ ಬಟ್ಟೆಯುಂಟು. ಅದರ ನಾಲ್ಕು ಮೂಲೆಗಳ ಲೋಹದ ಬಳೆಗಳೊಳಗಿಂದ ಕೊಡೆಯ ದಾರಗಳು ಹಾಯುತ್ತವೆ. ಮಡಿಸುವಾಗ ಅದನ್ನು ಮೇಲಕ್ಕೆ, ಕೊಡೆಯ ಬುಡಕ್ಕೆ ಏರಿಸಿಟ್ಟರೆ, ಅದು ಗಾಳಿಗೆ ಎದುರಾಗಿ ನಿಧಾನವಾಗಿ ಜಾರುತ್ತ ದಾರಗಳನ್ನು ಒಮ್ಮೆಲೆ ಹರಡಗೊಡದು. ಆದರೆ ತಗ್ಗಿನ ಎತ್ತರದಲ್ಲಿ ಈ ನಿಧಾನವೇ ಮೃತ್ಯು. ಅಲ್ಲಿ ಸ್ಲೈಡರನ್ನು ಕೆಳಗೆ ಕಟ್ಟುತ್ತಾರೆ, ಇಲ್ಲವೆ ತೆಗೆದೇ ಬಿಡುತ್ತಾರೆ. ಒಂದೆಡೆ ಕಾಯುವ ವಸ್ತು ಇನ್ನೊಂದೆಡೆ ಕೊಲ್ಲುತ್ತದೆ!

ಸ್ಲೈಡರ್ ಇಲ್ಲದಾಗ ಬೇರೊಂದು ಅಪಾಯ. ಚುಕ್ಕಾಣಿಯ ದಾರವೊಂದು ಕೊಡೆಯ ಮೇಲೆ ಹಾಯ್ದು ಸಿಕ್ಕಿಕೊಂಡರೆ ಕೊಡೆ ಗಿರಗಿರನೆ ತಿರುಗೀತು. ಅದನ್ನು ತಪ್ಪಿಸಲು ಹಿಂಬದಿಯ ಆ ದಾರಗಳನ್ನು ಒಂದು ರಬ್ಬರಿನ ಉಂಗುರದಿಂದ ಹಿಡಿದಿಡುತ್ತಾರೆ. ಕೊಡೆ ಅರಳಿದಂತೆ ಅದು ತಾನಾಗಿ ಕಳಚುತ್ತದೆ. ದೊಡ್ಡ ಕೊಡೆಯನ್ನು ಹೊರಗೆಳೆಯುವ ಮರಿಕೊಡೆಗೂ ಲೆಕ್ಕವಿದೆ: ಬೀಳುವ ಹೊತ್ತು ಕಡಿಮೆಯಾದಷ್ಟೂ ಅದು ದೊಡ್ಡದಿರಬೇಕು.

ಇನ್ನು ಮಡಿಕೆ. ಕೊಡೆಯ ಎಡಬಲಗಳು ಕನ್ನಡಿಯ ಬಿಂಬದಂತೆ ಸಮನಾಗಿರಬೇಕು. ಒಂದು ಪಕ್ಕ ಮೊದಲು ಅರಳಿದರೆ ಕೊಡೆ ತಿರುಗಿ ಧುಮುಕಿದವನನ್ನು ಅದೇ ಬಂಡೆಗೆ ಒಯ್ದು ಅಪ್ಪಳಿಸೀತು. ಸಮನಾಗಿ ಮಡಿಸಿದರೂ ಗಾಳಿ, ಮೈಯ ಓಲಾಟಗಳು ಅದನ್ನು ತಿರುಗಿಸಬಲ್ಲವು. ಮಡಿಕೆ ಆ ಅಪಾಯವನ್ನು ತಗ್ಗಿಸಬಲ್ಲುದೇ ಹೊರತು ತೊಡೆಯಲಾರದು. ಮಡಿಕೆಗಳನ್ನು ಹಿಡಿದಿಡಲು ಹಾಕಿದ ಕ್ಲಿಪ್ಪುಗಳನ್ನು ಕೊನೆಯಲ್ಲಿ ಎಣಿಸಿ ನೋಡುತ್ತಾರೆ. ಒಂದು ಒಳಗುಳಿದರೂ ಕೊಡೆ ತೆರೆಯದೆ ಹೋದೀತು.

ಅಂಚಿನಿಂದ ಧುಮುಕಲು ಬೇಕಾದ ಧೈರ್ಯ ಕ್ಷಣಮಾತ್ರದ್ದು. ಅದಕ್ಕೂ ಮೊದಲು ನೆಲದ ಮೇಲೆ ಮೊಣಕಾಲೂರಿ, ಯಾರೂ ಚಪ್ಪಾಳೆ ತಟ್ಟದ ಹೊತ್ತಿನಲ್ಲಿ, ಮಡಿಕೆಯ ಮೇಲೆ ಮಡಿಕೆಯಿಡುವ ತಾಳ್ಮೆಯೇ ದೊಡ್ಡದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಆಡಿದ ಮಾತು ಸೇತುವೆಯ ಅಂಚಿನಲ್ಲಿ ನಿಂತವನಿಗೂ ಸಲ್ಲುತ್ತದೆ.