ಬರ್ಬನ್‌ಗೆ ಸಿಹಿ ಎಲ್ಲಿಂದ?

ಪ್ರಶ್ನೆ: ಸಕ್ಕರೆ ಬೆರೆಸದಿದ್ದರೂ ಬರ್ಬನ್ ವಿಸ್ಕಿ ಸಿಹಿ ಎನಿಸುವುದೇಕೆ? ಕ್ರಿಸ್‌ಮಸ್ ಉಡುಗೊರೆಗೆ ಹೆಚ್ಚು ಸಿಹಿಯಾದುದನ್ನು ಗುರುತಿಸುವುದು ಹೇಗೆ?

ಅಮೆರಿಕದ ಕಾನೂನಿನಂತೆ ಬರ್ಬನ್‌ಗೆ ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಮೆಕ್ಕೆಜೋಳದ ಪಿಷ್ಟದಿಂದ ಬಂದ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಆಗಿಸುತ್ತದೆ. ಅಳಿದುಳಿದದ್ದು ಭಟ್ಟಿ ಇಳಿಸುವಾಗ ಹಿಂದೆಯೇ ನಿಲ್ಲುತ್ತದೆ. ಹಾಗಾಗಿ ಸಿಹಿಯ ಗುಟ್ಟು ಹೆಚ್ಚಾಗಿ ಪೀಪಾಯಿಯಲ್ಲಿದೆ. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಬರ್ಬನ್ ಮಾಗಬೇಕು. ಬೆಂಕಿ ತಾಗಿದಾಗ ಮರದ ಹೆಮಿಸೆಲ್ಯುಲೋಸ್ ಸಕ್ಕರೆಗಳಾಗಿ ಒಡೆದು, ಬಾಣಲೆಯಲ್ಲಿ ಸಕ್ಕರೆ ಕಂದು ಬಣ್ಣಕ್ಕೆ ತಿರುಗುವಂತೆ ಘಮಘಮಿಸುತ್ತದೆ. ಮರದಲ್ಲೇ ಇರುವ ಲಿಗ್ನಿನ್‌ನಿಂದ ವೆನಿಲ್ಲಾ ಘಮದ ವೆನಿಲಿನ್ ಹುಟ್ಟುತ್ತದೆ. ಬೇಸಿಗೆಯ ಸೆಕೆಗೆ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿ ಆ ಘಮವನ್ನು ಹೊತ್ತು ಹೊರಬರುತ್ತದೆ. ಇಲ್ಲಿ ಸಿಹಿ ಎಂದು ಗುರುತಿಸುವುದು ನಾಲಿಗೆಗಿಂತ ಹೆಚ್ಚಾಗಿ ಮೂಗು.

ಕೊಳ್ಳುವಾಗ ಗಮನಿಸಬೇಕಾದುದು ಮೆಕ್ಕೆಜೋಳದ ಜೊತೆಗಿರುವ ಧಾನ್ಯ. ಹೆಚ್ಚಿನ ಬರ್ಬನ್‌ಗಳಲ್ಲಿ ಅದು ರೈ. ಮಸಾಲೆಯ ಖಾರ ಅದರದೇ. ರೈ ಬದಲು ಗೋಧಿ ಹಾಕಿದರೆ ಖಾರ ತಗ್ಗಿ ಸಿಹಿ ಮುಂದೆ ಬರುತ್ತದೆ. ಕೆಂಟಕಿಯ ಮೇಕರ್ಸ್ ಮಾರ್ಕ್, ಲಾರ್ಸನಿ ಈ ಬಗೆಯವು. ಅಮೆರಿಕದಲ್ಲಿ ಮಧ್ಯಮ ಬೆಲೆಗೆ ಸಿಗುತ್ತವೆ. ಕುತ್ತಿಗೆಯನ್ನು ಕೆಂಪು ಅರಗಿನಲ್ಲಿ ಅದ್ದಿದ ಮೇಕರ್ಸ್ ಮಾರ್ಕ್ ಬಾಟಲಿಗಂತೂ ಉಡುಗೊರೆಯ ಕಾಗದವೇ ಬೇಡ. ಪ್ಯಾಪಿ ವ್ಯಾನ್ ವಿಂಕಲ್ ಕೂಡ ಗೋಧಿಯದೇ, ಆದರೆ ಅದರ ಬೆಲೆ ಸಾಮಾನ್ಯರ ಕೈಗೆಟುಕುವಂಥದ್ದಲ್ಲ.