‘ಓದಿದ್ದೀನಿ’ ಅಂದರೆ ‘ಬರುತ್ತೆ’ ಅಂತಲ್ಲ: ಎಸ್‌ಎಸ್‌ಎಲ್‌ಸಿ ಮಕ್ಕಳ ಮನೆಯವರು ಮಾಡಬಹುದಾದ ಒಂದು ಕೆಲಸ

ಹೊಸ ವರ್ಷ ಬಂತೆಂದರೆ ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಗಳಲ್ಲಿ ಟಿವಿ ಸದ್ದು ಇಳಿಯುತ್ತೆ, ‘ಓದ್ಕೋ’ ಅನ್ನೋ ಸದ್ದು ಏರುತ್ತೆ. ನೆಂಟರ ಮನೆ ಮದುವೆಗೆ ಅಪ್ಪ ಒಬ್ಬರೇ ಹೋಗಿ ಬರುತ್ತಾರೆ. ಮಗು ಪುಸ್ತಕದ ಮುಂದೆ ಕೂತಿದ್ದರೆ ಮನೆಯವರಿಗೆ ಸಮಾಧಾನ, ಎದ್ದರೆ ಕಳವಳ. ಕೂತ ಹೊತ್ತಿನಲ್ಲಿ ತಲೆಯೊಳಗೆ ಏನು ಉಳಿಯಿತು ಅಂತ ಮಾತ್ರ ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಈ ಲೇಖನ ಅದರ ಬಗ್ಗೆ.

ಈಗ ಇದು ಯಾಕೆ ಮುಖ್ಯ ಅಂದರೆ, ಕಳೆದ ಎರಡು ಮೂರು ವರ್ಷಗಳಲ್ಲಿ ಈ ಪರೀಕ್ಷೆಯ ಸ್ವರೂಪವೇ ಬದಲಾಗಿದೆ. 2023ರಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದವರು ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕ್ಯಾಮೆರಾ ಕಣ್ಣಿನ ಕೆಳಗೆ ಮಕ್ಕಳು ಬರೆದರು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಶೇ. 20ರವರೆಗೆ ಗ್ರೇಸ್ ಮಾರ್ಕ್ಸ್ ಕೊಟ್ಟ ಮೇಲೆ. 2025ರಲ್ಲಿ ಆ ಗ್ರೇಸ್ ಹೋಯಿತು, ಫಲಿತಾಂಶ ಇನ್ನೂ ಕೆಳಗಿಳಿಯಿತು. ಆಮೇಲೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಪಾಸಾಗುವ ಮಿತಿಯನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ ಪ್ರಕಟಿಸಿದರು: ಒಟ್ಟು 625ಕ್ಕೆ 206, ಪ್ರತಿ ವಿಷಯದಲ್ಲಿ ಆಂತರಿಕ ಮತ್ತು ಲಿಖಿತ ಅಂಕ ಸೇರಿ ಕನಿಷ್ಠ 30. ಮಿತಿ ಇಳಿಸಿದ್ದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಕ್ಯಾಮೆರಾ ಬಂದ ಮೇಲೆ ಕೊಠಡಿಯೊಳಗೆ ಮಗುವಿನ ಜೊತೆ ಹೋಗುವುದು ಅದರ ನೆನಪು ಮಾತ್ರ ಅನ್ನೋದರಲ್ಲಿ ಚರ್ಚೆಯಿಲ್ಲ.

ಆ ನೆನಪು ಹೇಗೆ ಕಟ್ಟಿಕೊಳ್ಳುತ್ತೆ?

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಸರಳ ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪುಟ್ಟ ಪಾಠ ಓದಿದರು. ಒಂದು ಸಲ ಅದನ್ನೇ ಮತ್ತೆ ಓದಿದರು. ಇನ್ನೊಂದು ಸಲ, ಬೇರೆ ಪಾಠ ಕೊಟ್ಟಾಗ, ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಗೆದ್ದಿತು: ಶೇ. 81 ನೆನಪಿತ್ತು, ಮುಚ್ಚಿಟ್ಟು ಬರೆದದ್ದು ಶೇ. 75. ಆದರೆ ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಾಮುರುಗಾ. ಮತ್ತೆ ಓದಿದ್ದರಲ್ಲಿ ಉಳಿದದ್ದು ಶೇ. 42, ಮುಚ್ಚಿಟ್ಟು ಬರೆದದ್ದರಲ್ಲಿ ಶೇ. 56.

ನಮ್ಮ ಮಕ್ಕಳು ಮೋಸ ಹೋಗುವುದು ಆ ಐದು ನಿಮಿಷದ ಲೆಕ್ಕಕ್ಕೆ. ಎರಡನೇ ಸಲ ಓದುವಾಗ ಸಾಲುಗಳೆಲ್ಲ ಪರಿಚಿತ ಅನ್ನಿಸುತ್ತವೆ, ‘ಇದು ಗೊತ್ತು’ ಅಂತ ಮನಸ್ಸು ಹೇಳಿಬಿಡುತ್ತೆ. ದಾರಿಯಲ್ಲಿ ಸಿಕ್ಕ ಮುಖ ಪರಿಚಯವಿದೆ, ಹೆಸರು ಮಾತ್ರ ನಾಲಿಗೆಗೆ ಬರುತ್ತಿಲ್ಲ ಅನ್ನೋ ಸ್ಥಿತಿ ಅದು. ಪ್ರಶ್ನೆಪತ್ರಿಕೆ ಕೇಳೋದು ಹೆಸರನ್ನು. 2013ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದುವ ವಿಧಾನಗಳನ್ನು ಒರೆಗೆ ಹಚ್ಚಿದಾಗ ಮತ್ತೆ ಮತ್ತೆ ಓದುವುದು ಮತ್ತು ಸಾಲುಗಳಿಗೆ ಗೆರೆ ಎಳೆಯುವುದು ಎರಡೂ ಕಡಿಮೆ ಉಪಯೋಗದ ಪಟ್ಟಿಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ದಿನಗಳ ಮೇಲೆ ಹಂಚುವುದು, ಇವೆರಡಕ್ಕೇ ಹೆಚ್ಚು ಅಂಕ ಸಿಕ್ಕಿದ್ದು. ಪುಸ್ತಕಕ್ಕೆಲ್ಲ ಹಳದಿ ಬಳಿದಿರುವ ಹೈಲೈಟರ್ ಪೆನ್ನುಗಳ ದುಡ್ಡು ದಂಡ ಅಂತ ಹೇಳುವಷ್ಟು ಕಠಿಣ ನಾನಲ್ಲ. ಆದರೆ ಬಣ್ಣ ಹಚ್ಚಿದ ಪುಟ ಓದಿ ಮುಗಿಸಿದ ಪುಟವಲ್ಲ.

ಇಲ್ಲಿ ಅಪ್ಪ ಅಮ್ಮಂದಿರು ಹೇಳುವ ಮಾತು ಒಂದೇ: ‘ನಮಗೆ ಅದೆಲ್ಲ ಗೊತ್ತಾಗಲ್ಲ, ಅದಕ್ಕೇ ಟ್ಯೂಷನ್ನಿಗೆ ಹಾಕಿದ್ದೀವಿ.’ ನನ್ನ ಅಕ್ಕನೂ ಇದನ್ನೇ ಹೇಳಿದ್ದಳು. ಅವಳು ಓದಿದ್ದು ಕಲಾ ವಿಭಾಗ, ಮಗಳಿಗೆ ಗಣಿತ ಕಷ್ಟ. ‘ನೀನೇ ಇಂಜಿನಿಯರ್ ಅಲ್ವೇನೋ, ಫೋನಲ್ಲೇ ಸ್ವಲ್ಪ ಹೇಳ್ಕೊಡು’ ಅಂದಳು. ‘ನಾನ್ಯಾಕೆ, ನೀನೇ ಪುಸ್ತಕ ಹಿಡ್ಕೊಂಡು ಅವಳೆದುರು ಕೂತ್ಕೋ’ ಅಂದೆ. ನಗ್ತಿದ್ದಾನೆ ಅಂದುಕೊಂಡಳು.

ತಮಾಷೆಯಲ್ಲ. ಥೇಲ್ಸ್ ಪ್ರಮೇಯವನ್ನೇ ತೆಗೆದುಕೊಳ್ಳಿ. ಹತ್ತನೇ ಕ್ಲಾಸಿನ ಮಕ್ಕಳೆಲ್ಲ ‘ಗೊತ್ತು’ ಅನ್ನುವ ಪ್ರಮೇಯ. ಪುಸ್ತಕ ಅಮ್ಮನ ಕೈಲಿರಲಿ, ಮಗುವಿನ ಕೈಲಿ ಬರೀ ಬಿಳಿ ಹಾಳೆ. ಹೇಳಿಕೆ, ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ, ಇಷ್ಟೂ ಇದೆಯಾ ಅಂತ ನೋಡಲು ರೇಖಾಗಣಿತ ಬರಬೇಕಿಲ್ಲ, ಕನ್ನಡ ಓದಲು ಬಂದರೆ ಸಾಕು. ಬಹಳ ಮಕ್ಕಳು ದತ್ತ, ಸಾಧನೀಯದವರೆಗೆ ಸರಾಗವಾಗಿ ಬರುತ್ತಾರೆ. ರಚನೆಯ ಹತ್ತಿರ ಪೆನ್ನು ನಿಲ್ಲುತ್ತೆ. ಬಿಇ, ಸಿಡಿ ಸೇರಿಸಿದ ಮೇಲೆ ಆ ಎರಡು ಲಂಬಗಳನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು? ಅವು ಇಲ್ಲದೆ ತ್ರಿಭುಜಗಳ ವಿಸ್ತೀರ್ಣದ ಅನುಪಾತ ಬರೆಯಲು ಆಗಲ್ಲ. ಪೆನ್ನು ನಿಂತ ಜಾಗ ಸಿಕ್ಕಿತಲ್ಲ, ಅಮ್ಮನ ಕೆಲಸ ಅಲ್ಲಿಗೆ ಮುಗಿಯಿತು. ನಾಳೆ ಮಗು ಮೇಷ್ಟ್ರ ಹತ್ತಿರ ಹೋಗಿ ‘ಸರ್, ಪ್ರಮೇಯ ಅರ್ಥ ಆಗಿಲ್ಲ’ ಅನ್ನೋ ಬದಲು ‘ಸರ್, ಈ ಲಂಬ ಯಾಕೆ ಎಳೀಬೇಕು’ ಅಂತ ಕೇಳುತ್ತೆ. ಎರಡನೇ ಪ್ರಶ್ನೆಗೆ ಉತ್ತರ ಎರಡು ನಿಮಿಷದಲ್ಲಿ ಸಿಗುತ್ತೆ.

ಪೆನ್ನು ನಿಂತಾಗ ‘ಇಷ್ಟೂ ಬರಲ್ವಾ, ಇಷ್ಟು ದಿನ ಏನ್ ಓದಿದೆ’ ಅಂತ ಬೈದರೆ ಮಾತ್ರ ಆಟ ಕೆಟ್ಟಿತು. ಮರುದಿನದಿಂದ ಮಗು ಅಮ್ಮನೆದುರು ಬಿಳಿ ಹಾಳೆ ತೆಗೆಯುವುದಿಲ್ಲ, ಮತ್ತೆ ಪುಸ್ತಕ ಬಿಚ್ಚಿ ಕೂರುತ್ತೆ. ನೋಡೋರಿಗೆ ಓದಿದ ಹಾಗೆ ಕಾಣುತ್ತೆ, ಯಾರೂ ಬೈಯಲ್ಲ.

ಅದೇ ಪ್ರಮೇಯವನ್ನು ಎರಡು ದಿನ ಬಿಟ್ಟು ಮತ್ತೆ ಕೇಳಿ, ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿ. ಸ್ವಲ್ಪ ಮರೆತಿರುತ್ತಾರೆ, ತಡವರಿಸುತ್ತಾರೆ. ಆ ತಡವರಿಕೆಯಲ್ಲೇ ಕಲಿಕೆ ನಡೆಯೋದು. ಭಾನುವಾರ ಇಡೀ ದಿನ ವಿಜ್ಞಾನ ಅಂತ ಕೂರಿಸುವುದಕ್ಕಿಂತ ನಾಲ್ಕು ಸಂಜೆ ಮುಕ್ಕಾಲು ಗಂಟೆಯಂತೆ ಹಂಚುವುದು ಮೇಲು. ಸಮಾಜ ವಿಜ್ಞಾನದ ಪ್ರಶ್ನೆಗಳನ್ನಂತೂ ರೊಟ್ಟಿ ತಟ್ಟುತ್ತಾ ಕೇಳಬಹುದು, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ ಕೇಳಬಹುದು.

ಎರಡನೆಯ ಕೆಲಸ ಪ್ರಶ್ನೆಪತ್ರಿಕೆಯನ್ನು ಮನೆಗೆ ತರುವುದು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾನು ಕಂಡ ಒಳ್ಳೇ ಮಾರ್ಕ್ಸಿನ ಹುಡುಗರೆಲ್ಲ ಮೊದಲು ತೆಗೆಯುತ್ತಿದ್ದುದು ಹಳೇ ಪತ್ರಿಕೆ, ಆಮೇಲೆ ಪುಸ್ತಕ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಇತ್ತೀಚಿನ ವರ್ಷಗಳ ಗಣಿತ ಪತ್ರಿಕೆ ನೋಡಿ: 38 ಪ್ರಶ್ನೆ, 80 ಅಂಕ. ಅದರಲ್ಲಿ ಒಂದು ಅಂಕದವು 16, ಎರಡು ಅಂಕದವು 8. ಅಂದರೆ ದೊಡ್ಡ ಲೆಕ್ಕಗಳನ್ನು ಮುಟ್ಟದೆಯೇ 32 ಅಂಕ ಅಲ್ಲಿವೆ. ಗಣಿತ ಅಂದರೆ ಕೈ ನಡುಗುವ ಮಗುವಿಗೆ ‘ಪಾಠ ಎಲ್ಲಾ ಮುಗಿಸು’ ಅನ್ನೋ ಬದಲು ‘ಈ 24 ಪ್ರಶ್ನೆ ನಮ್ಮದು’ ಅಂದು ನೋಡಿ, ಮುಖದ ಬಣ್ಣ ಬೇರೆಯಾಗುತ್ತೆ. ಇದು ಎಲ್ಲರಿಗೂ ಹೇಳುವ ಮಾತಲ್ಲ. 90 ತೆಗೆಯಬಲ್ಲ ಮಗುವಿನ ಕಷ್ಟ ಬೇರೆ, ಸಮಯ ಸಾಲದಿರುವುದು. ಆ ಮಗುವಿಗೆ ಗಡಿಯಾರ ಇಟ್ಟು ಇಡೀ ಪತ್ರಿಕೆ ಬರೆಸಿ. ಪ್ರಶ್ನೆ ಓದಲೆಂದೇ ಕೊಡುವ 15 ನಿಮಿಷವನ್ನೂ ಸೇರಿಸಿ ಬರೆಸಿ, ಆ ಹೊತ್ತಿನಲ್ಲಿ ಯಾವುದನ್ನು ಮೊದಲು ಬರೆಯೋದು ಅಂತ ಗುರುತು ಹಾಕಿಕೊಳ್ಳುವುದೂ ಅಭ್ಯಾಸದಿಂದಲೇ ಬರೋದು.

ನಿದ್ದೆಯ ವಿಷಯ ಜಾಸ್ತಿ ಎಳೆಯಲ್ಲ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾತಜ್ಞರ ಸಲಹೆ. ಹನ್ನೊಂದರವರೆಗೆ ಓದಿಸಿ ನಾಲ್ಕಕ್ಕೆ ಎಬ್ಬಿಸುವ ಮನೆಗಳಲ್ಲಿ ಸಿಗುವುದು ಐದು. ಮೊಬೈಲ್ ಬೇರೆ ಕೋಣೆಯಲ್ಲಿ ಚಾರ್ಜಿಗೆ ಇರಲಿ, ಆದರೆ ನಿಮ್ಮದೂ ಅಲ್ಲೇ ಇರಲಿ.

ಇನ್ನೊಂದು ಮಾತು, ಪ್ರಿಪರೇಟರಿ ಮಾರ್ಕ್ಸ್ ಬಂದ ದಿನ ಆಡಬೇಕಾದದ್ದು. ‘ಫೇಲಾದ್ರೆ ಏನಾಗುತ್ತೆ’ ಅಂತ ಮಗು ಬಾಯಿಬಿಟ್ಟು ಕೇಳಲ್ಲ, ಒಳಗೇ ಇಟ್ಟುಕೊಂಡಿರುತ್ತೆ. ಉತ್ತರ ನೀವೇ ಮೊದಲು ಹೇಳಿಬಿಡಿ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಅಂಕ ಸಾಲದು ಅನ್ನಿಸಿದರೆ ಮತ್ತೆ ಬರೆಯಬಹುದು, ಅವುಗಳಲ್ಲಿ ಹೆಚ್ಚು ಬಂದದ್ದೇ ಉಳಿಯುತ್ತೆ. ಇದನ್ನು ಹೇಳಿದರೆ ಮಕ್ಕಳು ಸೋಮಾರಿಗಳಾಗುತ್ತಾರೆ ಅಂತ ಕೆಲವು ಶಾಲೆಗಳಲ್ಲೂ ವಾದ ಕೇಳಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಹೆದರಿದ ಮಗುವಿಗೆ ಓದಿದ್ದೂ ನೆನಪಿಗೆ ಬರುವುದಿಲ್ಲ. ಊಟ ಬಿಟ್ಟಿದ್ದರೆ, ಮಾತು ನಿಲ್ಲಿಸಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಅನ್ನೋ ಥರದ ಮಾತು ಬಂದರೆ ಪಾಠ ಪಕ್ಕಕ್ಕಿಟ್ಟು ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಅಪ್ಪ ಅಮ್ಮನೂ ಮಾಡಬಹುದು.

ಕೊನೆಯದಾಗಿ, ಪರೀಕ್ಷಾ ಕೇಂದ್ರ ಬೇರೆ ಊರಲ್ಲಿದ್ದರೆ ಹಿಂದಿನ ದಿನ ಒಮ್ಮೆ ಹೋಗಿ ಕೊಠಡಿ, ನೀರು, ಶೌಚಾಲಯ ನೋಡಿಕೊಂಡು ಬನ್ನಿ. ಈಚಿನ ವರ್ಷಗಳಲ್ಲಿ ಪರೀಕ್ಷೆಯ ದಿನ ಹಾಲ್ ಟಿಕೆಟ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಕೇಳುತ್ತಿಲ್ಲ. ಈ ಸಲದ ಆದೇಶ ಏನಿದೆ ಅಂತ ಶಾಲೆಯಲ್ಲಿ ವಿಚಾರಿಸಿ. ಹಾಲ್ ಟಿಕೆಟ್ಟಿನ ಜೆರಾಕ್ಸ್ ಒಂದು ನಿಮ್ಮ ಹತ್ತಿರವೂ ಇರಲಿ.