ದ್ರಾಕ್ಷಿಬಳ್ಳಿಯೆಂಬ ಉಷ್ಣತಾಮಾಪಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ—ಈ ಐದು ತಾಲ್ಲೂಕುಗಳ ಯಾವ ರೈತನನ್ನಾದರೂ ‘ಬೆಳೆ ಹೇಗಿದೆ?’ ಎಂದು ಕೇಳಿದರೆ ಅವನು ಮೊದಲು ವರ್ಷದ ಮಾತನ್ನೇ ಎತ್ತುತ್ತಾನೆ. ‘ಈ ವರ್ಷ ಚೆನ್ನಾಗಿಲ್ಲ’ ಎಂಬುದು ಅವನ ಉತ್ತರ. ಅದೇ ಹೊಲ, ಅದೇ ಬೀಜ, ಅದೇ ಕೈ. ಆದರೂ ಹೋದ ವರ್ಷದ ಶೇಂಗಾ ಈ ವರ್ಷದ ಶೇಂಗಾ ಅಲ್ಲ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿರುವ ಈ ಒಣಸೀಮೆಯಲ್ಲಿ ವರ್ಷವೊಂದಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಇಂಥಲ್ಲಿ ‘ವರ್ಷ’ ಎಂಬ ಪದ ಪಂಚಾಂಗದ ಲೆಕ್ಕವಷ್ಟೇ ಆಗಿರದೆ ಬದುಕಿನ ಲೆಕ್ಕವೂ ಆಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ‘ವರ್ಷ’ವನ್ನು ಅಳೆಯಲು ಸಾಧ್ಯವೆ? ಒಂದು ವರ್ಷದ ಬಿಸಿಲು ಮತ್ತು ತಂಪು ಹಣ್ಣಿನೊಳಗೆ ಹೇಗೆ ಬರೆಯಲ್ಪಡುತ್ತವೆ? ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಡುವ ಬೆಳೆ ವೈನಿನ ದ್ರಾಕ್ಷಿ. ವೈನಿನ ಸೀಸೆಯ ಮೇಲೆ ಹಣ್ಣು ಕೊಯ್ದ ವರ್ಷವನ್ನು ಮುದ್ರಿಸುವ ಪದ್ಧತಿಯುಂಟು. ಆ ಪಾನೀಯದ ರುಚಿಯ ಚರ್ಚೆಯನ್ನು ಬಲ್ಲವರಿಗೆ ಬಿಟ್ಟು, ಅದರೊಳಗೆ ಅಡಗಿರುವ ಭೌತ ಮತ್ತು ರಸಾಯನ ವಿಜ್ಞಾನಗಳ ಲೆಕ್ಕವನ್ನು ಮಾತ್ರ ನಾವಿಲ್ಲಿ ಬಿಡಿಸೋಣ.

ಒಂದು ಸಹಜ ಪ್ರಯೋಗ

ಪ್ರಯೋಗಶಾಲೆಯಲ್ಲಿ ನಾವು ಅನುಸರಿಸುವ ಮೊದಲ ನಿಯಮವಾವುದು? ಒಂದನ್ನು ಬದಲಿಸಿ, ಉಳಿದೆಲ್ಲವನ್ನೂ ಸ್ಥಿರವಾಗಿಡುವುದು. ಹಲವು ಊರುಗಳ ಹಣ್ಣನ್ನು ಕೊಂಡು ಬೆರೆಸಿ ವೈನು ಮಾಡಿದರೆ ಈ ನಿಯಮ ಕೆಡುತ್ತದೆ. ಆದರೆ ತನ್ನದೇ ತೋಟದ ಹಣ್ಣಿನಿಂದ, ತನ್ನದೇ ಅಂಗಳದಲ್ಲಿ ವೈನು ತಯಾರಿಸುವ ಸಣ್ಣ ‘ಎಸ್ಟೇಟ್’ ಒಂದನ್ನು ತೆಗೆದುಕೊಳ್ಳಿ. ಅಲ್ಲಿ ಮಣ್ಣು ಅದೇ, ಬಳ್ಳಿ ಅದೇ, ಕೆಲಸಗಾರರೂ ಬಹುಮಟ್ಟಿಗೆ ಅವರೇ. ಬದಲಾಗುವುದು ಮುಖ್ಯವಾಗಿ ವರ್ಷವೊಂದೇ. ಆದುದರಿಂದ ಅಂಥ ತೋಟದ ಹತ್ತು ವರ್ಷಗಳ ಸೀಸೆಗಳನ್ನು ಸಾಲಾಗಿ ಇಟ್ಟರೆ ಅದು ಹತ್ತು ವರ್ಷಗಳ ಹವೆಯ ದಾಖಲೆಯೇ ಸರಿ.

ನಮ್ಮ ನಾಡಿಗೆ ಇಂಥ ತೋಟಗಳು ಹೊಸವಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಗ್ರೋವರ್ ಸಂಸ್ಥೆ ಆರಂಭವಾಯಿತು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ನಮ್ಮ ಐದು ತಾಲ್ಲೂಕುಗಳಿಗೆ ಹತ್ತಿರದ ಹಂಪಿ ಬೆಟ್ಟಗಳ ಸೀಮೆಯಲ್ಲಿ ಕ್ರಿಸ್ಮ ಎಸ್ಟೇಟ್ ತನ್ನದೇ ತೋಟದಲ್ಲಿ ಕ್ಯಾಬರ್ನೆ ಸೋವಿನ್ಯೊನ್, ಸಿರಾ, ಸ್ಯಾಂಜೊವೇಸೆ ಮೊದಲಾದ ತಳಿಗಳನ್ನು ಬೆಳೆಸಿದೆ. ಬಂಡೆಗಲ್ಲು, ಕೆಂಪು ಮಣ್ಣು, ಒಣ ಗಾಳಿ—ಇವು ಆ ಸೀಮೆಗೂ ನಮ್ಮ ಕೂಡ್ಲಿಗಿಗೂ ಸಮಾನ.

ಜಿನ್ಫಂಡೆಲ್ ಎಂಬ ಸೂಕ್ಷ್ಮ ತಳಿ

ವರ್ಷದ ಏರುಪೇರನ್ನು ಬೇಗ ತೋರಿಸಿಕೊಡುವ ತಳಿಗಳಲ್ಲಿ ಜಿನ್ಫಂಡೆಲ್ ಒಂದು. ಹತ್ತೊಂಬತ್ತನೆಯ ಶತಮಾನದಿಂದ ಕ್ಯಾಲಿಫೋರ್ನಿಯದಲ್ಲಿ ಬೆಳೆಯುತ್ತಿರುವ ಈ ಕಪ್ಪು ದ್ರಾಕ್ಷಿಯ ತವರು ಯಾವುದೆಂಬುದು ಬಹುಕಾಲ ಒಗಟಾಗಿತ್ತು. ಇಟಲಿಯ ಪ್ರಿಮಿಟಿವೊ ಎಂಬ ತಳಿಯೂ ಇದೂ ಒಂದೇ ಎಂಬುದು 1990ರ ದಶಕದಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ದೃಢವಾಯಿತು. 2001ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಕ್ಯಾರೊಲ್ ಮೆರೆಡಿತ್ ಅವರೂ ಕ್ರೊಯೇಷಿಯದ ವಿಜ್ಞಾನಿಗಳೂ ಸೇರಿ, ಆಡ್ರಿಯಾಟಿಕ್ ಕಡಲ ದಂಡೆಯ ಹಳೆಯ ತೋಟವೊಂದರಲ್ಲಿ ಇದೇ ತಳಿಯ ಕೆಲವೇ ಬಳ್ಳಿಗಳು ಉಳಿದಿರುವುದನ್ನು ಗುರುತಿಸಿದರು. ಭಾರತದಲ್ಲಿ ನಾಸಿಕದ ಸುಲಾ ಸಂಸ್ಥೆ ಇದನ್ನು ಬೆಳೆಸಿದೆ.

ಈ ತಳಿಯ ಗುಣವೂ ದೋಷವೂ ಒಂದೇ: ಒಂದೇ ಗೊಂಚಲಿನ ಹಣ್ಣುಗಳು ಒಟ್ಟಿಗೆ ಮಾಗುವುದಿಲ್ಲ. ಒಂದು ಹಣ್ಣು ಇನ್ನೂ ಹಸಿರಾಗಿರುವಾಗ ಪಕ್ಕದ ಹಣ್ಣು ಸುಕ್ಕುಗಟ್ಟಿ ಒಣದ್ರಾಕ್ಷಿಯಾಗಿರುತ್ತದೆ. ಸಿಪ್ಪೆ ತೆಳುವು, ಗೊಂಚಲು ಒತ್ತು; ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ಬಹುಬೇಗ ಕೊಳೆಯುತ್ತದೆ.

ಬಿಸಿಲನ್ನು ಕೂಡುವ ಲೆಕ್ಕ

ಸುಮಾರು 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ದ್ರಾಕ್ಷಿಬಳ್ಳಿ ಬೆಳೆಯುವುದಿಲ್ಲ. ಆದುದರಿಂದ ದಿನದ ಸರಾಸರಿ ಉಷ್ಣತೆಯಲ್ಲಿ 10ನ್ನು ಕಳೆದು, ಉಳಿದುದನ್ನು ದಿನದಿನವೂ ಕೂಡುತ್ತ ಹೋದರೆ ಬಳ್ಳಿಗೆ ದೊರೆತ ಉಷ್ಣದ ಮೊತ್ತ ಸಿಗುತ್ತದೆ. ಇದಕ್ಕೆ ‘ಡಿಗ್ರಿ-ದಿನ’ ಎಂದು ಹೆಸರು. 1944ರಲ್ಲಿ ಅಮೆರೀನ್ ಮತ್ತು ವಿಂಕ್ಲರ್ ಎಂಬ ವಿಜ್ಞಾನಿಗಳು ಈ ಮೊತ್ತದ ಆಧಾರದಿಂದಲೇ ಕ್ಯಾಲಿಫೋರ್ನಿಯವನ್ನು ಐದು ವಲಯಗಳಾಗಿ ವಿಂಗಡಿಸಿದರು.

ಶೀತದೇಶಗಳಲ್ಲಿ ಬಳ್ಳಿ ಚಳಿಗಾಲದಲ್ಲಿ ತಾನಾಗಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಬೆಳೆಗಾರ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರುತ್ತಾನೆ. ವಿಜಯಪುರದ ಕಡೆ ಇದನ್ನು ‘ಚಾಟ್ನಿ’ ಎನ್ನುತ್ತಾರೆ. ಬೇಸಗೆಯ ಚಾಟ್ನಿ ಕಡ್ಡಿಗಾಗಿ, ಮಳೆಗಾಲ ಮುಗಿಯುವ ಹೊತ್ತಿನ ಚಾಟ್ನಿ ಹಣ್ಣಿಗಾಗಿ. ಬಳ್ಳಿಯ ಗಡಿಯಾರಕ್ಕೆ ಕೀಲಿ ಕೊಡುವವನು ಇಲ್ಲಿ ಮನುಷ್ಯನೇ.

ಈಗ ಒಂದು ಸರಳ ಲೆಕ್ಕ ಮಾಡೋಣ. ಅಕ್ಟೋಬರ್ 1ರಂದು ಚಾಟ್ನಿಯಾಯಿತು, ಹಣ್ಣು ಮಾಗಲು 2100 ಡಿಗ್ರಿ-ದಿನ ಬೇಕು ಎಂದು ಭಾವಿಸಿ. ಋತುವಿನ ಸರಾಸರಿ ಉಷ್ಣತೆ 25 ಡಿಗ್ರಿ ಇದ್ದರೆ ದಿನಕ್ಕೆ 15ರಂತೆ 140 ದಿನಗಳು ಬೇಕು. ಕೊಯ್ಲು ಫೆಬ್ರವರಿ 18ಕ್ಕೆ. ಸರಾಸರಿ 24 ಇದ್ದರೆ 150 ದಿನಗಳು. ಕೊಯ್ಲು ಫೆಬ್ರವರಿ 28ಕ್ಕೆ. ಸರಾಸರಿ 26 ಆದರೆ 131 ದಿನಗಳೇ ಸಾಕು. ಕೊಯ್ಲು ಫೆಬ್ರವರಿ 9ಕ್ಕೆ. ಒಂದು ಡಿಗ್ರಿ ಎಷ್ಟರ ಮಾತು ಎಂದು ನಾವು ಉಪೇಕ್ಷಿಸುತ್ತೇವೆ. ಬಳ್ಳಿಗಾದರೋ ಅದು ಒಂಬತ್ತು ಹತ್ತು ದಿನಗಳ ಮಾತು.

ಎರಡು ಗಡಿಯಾರಗಳು

ಕೊಯ್ಲು ಬೇಗ ಬಂದರೆ ನಷ್ಟವೇನು? ಹಣ್ಣಿನೊಳಗೆ ಒಂದಲ್ಲ, ಎರಡು ಗಡಿಯಾರಗಳಿವೆ. ಒಂದು ಸಕ್ಕರೆಯದು, ಇನ್ನೊಂದು ಹುಳಿಯದು.

ಸಕ್ಕರೆಯನ್ನು ಅಳೆಯುವುದು ಸುಲಭ. ಶುದ್ಧ ನೀರಿನ ವಕ್ರೀಭವನಾಂಕ 1.333. ನೂರು ಗ್ರಾಮಿನಲ್ಲಿ 24 ಗ್ರಾಂ ಸಕ್ಕರೆಯಿರುವ ದ್ರಾವಣದ್ದು ಸುಮಾರು 1.371. ಎರಡು ಹನಿ ರಸವನ್ನು ಕೈಯಲ್ಲಿ ಹಿಡಿಯುವ ವಕ್ರೀಭವನಮಾಪಕದ ಗಾಜಿನ ಮೇಲಿಟ್ಟು ಬೆಳಕಿನತ್ತ ನೋಡಿದರೆ ‘24 ಬ್ರಿಕ್ಸ್’ ಎಂಬ ಅಂಕ ಕಾಣುತ್ತದೆ. ಈ ಅಂಕವನ್ನು 0.58ರಿಂದ ಗುಣಿಸಿದರೆ ವೈನಿನಲ್ಲಿ ಬರುವ ಮದ್ಯಸಾರದ ಶೇಕಡಾ ಪ್ರಮಾಣ ಸುಮಾರಾಗಿ ದೊರೆಯುತ್ತದೆ: 22 ಇದ್ದರೆ 12.8, 24 ಇದ್ದರೆ 13.9, 27 ಇದ್ದರೆ 15.7.

ಹುಳಿಯ ಕಥೆ ಬೇರೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ. ಒಂದು ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಹಣ್ಣಿನ ಹುಳಿಯೂ ಇದೇ. ಹುಣಸೆ ಹಣ್ಣಾದರೂ ಹುಳಿ ಬಿಡದಂತೆ ದ್ರಾಕ್ಷಿಯಲ್ಲಿಯೂ ಈ ಆಮ್ಲ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಇನ್ನೊಂದು ಮ್ಯಾಲಿಕ್ ಆಮ್ಲ. ಹಸಿರು ಸೇಬಿನ ಹುಳಿ ಇದರದು. ಮಾಗುವ ಹಣ್ಣು ಉಸಿರಾಡುವಾಗ ಈ ಆಮ್ಲವನ್ನು ಉರುವಲಾಗಿ ಬಳಸುತ್ತದೆ. ಜೀವಿಗಳ ಉಸಿರಾಟದ ವೇಗ, ಒಂದು ಮಿತಿಯವರೆಗೆ, ಉಷ್ಣತೆ 10 ಡಿಗ್ರಿ ಏರಿದಾಗ ಸುಮಾರು ಇಮ್ಮಡಿಯಾಗುತ್ತದೆ. ಹೀಗಾಗಿ ಬಿಸಿಯ ವರ್ಷದಲ್ಲಿ ಸಕ್ಕರೆ ಬೇಗ ಏರುತ್ತದೆ, ಹುಳಿ ಅಷ್ಟೇ ಬೇಗ ಕರಗುತ್ತದೆ. ಆದರೆ ಸಿಪ್ಪೆಯ ಬಣ್ಣ ಮತ್ತು ಪರಿಮಳಗಳು ಈ ಓಟದಲ್ಲಿ ಜೊತೆಗೂಡುವುದಿಲ್ಲ; ಉಷ್ಣತೆ 35 ಡಿಗ್ರಿ ಮೀರಿದರೆ ಬಣ್ಣ ಕಟ್ಟುವುದೇ ಕುಂಠಿತವಾಗುತ್ತದೆ.

ಬೆಳೆಗಾರನ ಸಂಕಟ ಈಗ ಸ್ಪಷ್ಟವಾಗುತ್ತದೆ. ಬೇಗ ಕೊಯ್ದರೆ ಬಣ್ಣವಿಲ್ಲ, ತಡವಾಗಿ ಕೊಯ್ದರೆ ಹುಳಿಯಿಲ್ಲ. ಇಡೀ ವರ್ಷದ ದುಡಿಮೆ ಕೆಲವೇ ದಿನಗಳ ನಿರ್ಧಾರದ ಮೇಲೆ ನಿಂತಿರುತ್ತದೆ.

ಇಲ್ಲಿ ನಮ್ಮ ಒಣಸೀಮೆಗೆ ಒಂದು ಅನುಕೂಲವುಂಟು. ಹಗಲು 32 ಡಿಗ್ರಿ, ರಾತ್ರಿ 18 ಡಿಗ್ರಿ ಇದ್ದರೂ, ಹಗಲು 29, ರಾತ್ರಿ 21 ಇದ್ದರೂ ಸರಾಸರಿ 25ೇ. ಡಿಗ್ರಿ-ದಿನದ ಲೆಕ್ಕಕ್ಕೆ ಇವೆರಡೂ ಒಂದೇ. ಆದರೆ ತಂಪಾದ ರಾತ್ರಿಯಲ್ಲಿ ಹಣ್ಣಿನ ಉಸಿರಾಟ ನಿಧಾನವಾಗಿ ಹುಳಿ ಉಳಿಯುತ್ತದೆ. ನೀರಾವಿ ಕಡಮೆಯಿರುವ, ಮೋಡವಿಲ್ಲದ ಆಕಾಶದ ಕೆಳಗೆ ನೆಲವು ಹಗಲಿನ ಉಷ್ಣವನ್ನು ಅವರಕ್ತ ಕಿರಣಗಳ ರೂಪದಲ್ಲಿ ತಡೆಯಿಲ್ಲದೆ ಹೊರಗೆ ಕಳುಹಿಸುತ್ತದೆ. ಕೊಟ್ಟೂರಿನ ತೇರಿನ ಕಾಲದ ರಾತ್ರಿಗಳಲ್ಲಿ ಕಂಬಳಿ ಬೇಕೆನಿಸುವುದು ಈ ಕಾರಣದಿಂದಲೇ.

ತೊಟ್ಟಿಯೊಳಗಿನ ಬಿಸಿ

ಹಣ್ಣು ತೊಟ್ಟಿಗೆ ಬಿದ್ದ ಮೇಲೂ ವರ್ಷದ ಪ್ರಭಾವ ಮುಗಿಯುವುದಿಲ್ಲ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯುತ್ತದೆ. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಮದ್ಯಸಾರ, 88 ಗ್ರಾಂ ಅನಿಲ; ಜೊತೆಗೆ ಸುಮಾರು 100 ಕಿಲೋಜೂಲ್ ಉಷ್ಣ. ಲೀಟರಿಗೆ 240 ಗ್ರಾಂ ಸಕ್ಕರೆಯಿರುವ ರಸದಿಂದ ಈ ಉಷ್ಣ ಎಳ್ಳಷ್ಟೂ ಹೊರಹೋಗದಿದ್ದರೆ ರಸದ ಉಷ್ಣತೆ 30 ಡಿಗ್ರಿಯಷ್ಟು ಏರಬೇಕು! 25 ಡಿಗ್ರಿಯಲ್ಲಿ ಆರಂಭವಾದ ರಸ 55ನ್ನು ಮುಟ್ಟುವ ಬಹು ಮೊದಲೇ, 40ರ ಆಸುಪಾಸಿನಲ್ಲಿಯೇ, ಯೀಸ್ಟ್ ಸತ್ತು ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ತೊಟ್ಟಿಯ ಅಳತೆಗಳನ್ನು ಇಮ್ಮಡಿ ಮಾಡಿದರೆ ಗಾತ್ರ ಎಂಟು ಪಟ್ಟಾಗುತ್ತದೆ, ಮೇಲ್ಮೈ ನಾಲ್ಕೇ ಪಟ್ಟಾಗುತ್ತದೆ. ಉಷ್ಣ ಹುಟ್ಟುವುದು ಗಾತ್ರದಲ್ಲಿ, ಹೊರಹೋಗುವುದು ಮೇಲ್ಮೈಯಿಂದ. ಆದುದರಿಂದ ಸಣ್ಣ ಎಸ್ಟೇಟಿನ ಸಣ್ಣ ತೊಟ್ಟಿ ತಾನಾಗಿಯೇ ಹೆಚ್ಚು ತಂಪಾಗಿರುತ್ತದೆ. ಆದರೂ ನಮ್ಮ ಮಾರ್ಚ್ ತಿಂಗಳಿನ ಬಿಸಿಗೆ ತೊಟ್ಟಿಯ ಸುತ್ತ ತಣ್ಣೀರು ಹರಿಸದೆ ಗತ್ಯಂತರವಿಲ್ಲ.

ಜಿನ್ಫಂಡೆಲ್ ಇಲ್ಲಿಯೂ ಕಣ್ಣಿಗೆ ಮಣ್ಣೆರಚುತ್ತದೆ. ಹಣ್ಣನ್ನು ಜಜ್ಜಿದ ದಿನ ರಸ 24 ಬ್ರಿಕ್ಸ್ ತೋರಿಸಿದರೂ ಅದು ಪೂರ್ಣಸತ್ಯವಲ್ಲ. ಸುಕ್ಕುಗಟ್ಟಿದ ಹಣ್ಣುಗಳು ಎರಡು ಮೂರು ದಿನ ರಸದಲ್ಲಿ ನೆನೆದು ತಮ್ಮೊಳಗಿನ ಸಕ್ಕರೆಯನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಆಗ ಮದ್ಯಸಾರ ಎಣಿಸಿದ್ದಕ್ಕಿಂತ ಹೆಚ್ಚಾಗಿ, ಅದರ ವಿಷಕ್ಕೆ ಯೀಸ್ಟೇ ಸೋಲಬಹುದು. 1975ರಲ್ಲಿ ಕ್ಯಾಲಿಫೋರ್ನಿಯದ ಸಟರ್ ಹೋಮ್ ಸಂಸ್ಥೆಯಲ್ಲಿ ಜಿನ್ಫಂಡೆಲ್ ರಸದ ಹುದುಗುವಿಕೆ ಹೀಗೆಯೇ ನಡುವೆ ನಿಂತು ಸಕ್ಕರೆ ಉಳಿದುಹೋಯಿತು. ಆ ಸಿಹಿಯಾದ ನಸುಗೆಂಪು ವೈನೇ ಮುಂದೆ ಜನಪ್ರಿಯವಾಯಿತೆಂಬುದು ವಿನೋದದ ಸಂಗತಿ.

ಆರು ಶತಮಾನಗಳ ದಿನಚರಿ

ಕೊಯ್ಲಿನ ದಿನಾಂಕವೇ ಉಷ್ಣತೆಯ ಗುರುತು ಎಂಬುದನ್ನು ಫ್ರಾನ್ಸಿನ ಬೋನ್ ಪಟ್ಟಣದ ದಾಖಲೆ ಎತ್ತಿ ತೋರಿಸುತ್ತದೆ. ಅಲ್ಲಿ ದ್ರಾಕ್ಷಿ ಕೊಯ್ಲು ಆರಂಭವಾದ ದಿನಗಳ ಪಟ್ಟಿ 1354ರಿಂದ ದೊರೆಯುತ್ತದೆ. 2018ರವರೆಗಿನ ಈ ಪಟ್ಟಿಯನ್ನು ವಿದ್ವಾಂಸರು 2019ರಲ್ಲಿ ಪ್ರಕಟಿಸಿದರು. 1988ರಿಂದೀಚೆಗೆ ಕೊಯ್ಲು ಹಿಂದಿನ ಶತಮಾನಗಳ ಸರಾಸರಿಗಿಂತ 13 ದಿನ ಮೊದಲೇ ಬರುತ್ತಿದೆಯೆಂಬುದು ಅವರ ನಿರ್ಣಯ. ನಮ್ಮ ಮೇಲಿನ ಲೆಕ್ಕವನ್ನು ನೆನೆಯಿರಿ. ಭೂಮಿ ಬಿಸಿಯಾಗುತ್ತಿದೆ ಎಂಬ ಮಾತಿಗೆ ಬಳ್ಳಿಯೇ ಸಾಕ್ಷಿ ನುಡಿದಂತಾಯಿತು.

ಮೊದಲ ದಿನಾಂಕವನ್ನು ಬರೆದಾಗ ಜಗತ್ತಿನಲ್ಲಿ ಉಷ್ಣತಾಮಾಪಕವೇ ಇರಲಿಲ್ಲ. ಆ ಗುಮಾಸ್ತರು ತಮ್ಮ ಪಟ್ಟಣದ ಲೆಕ್ಕಕ್ಕಾಗಿ ಬರೆದಿಟ್ಟರು, ತಪ್ಪದೆ ಬರೆದಿಟ್ಟರು. ಅಷ್ಟೇ ಸಾಕಾಯಿತು. ಹಡಗಲಿಯ ಮಲ್ಲಿಗೆ ಮೊದಲು ಬಿರಿದ ದಿನ, ಹರಪನಹಳ್ಳಿಯ ಮಾವು ಹೂಬಿಟ್ಟ ದಿನ, ಕೂಡ್ಲಿಗಿಯ ಹುಣಸೆ ಬಡಿದ ದಿನ—ಇವನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ವರ್ಷವರ್ಷವೂ ಗುರುತಿಸಲು ಯಾವ ಯಂತ್ರವೂ ಬೇಡ, ಹಣವೂ ಬೇಡ. ಒಂದೇ ಮರ, ಒಂದೇ ಗಿಡ ಇರಲಿ. ದಿನಾಂಕ ಮಾತ್ರ ಬಿಟ್ಟುಹೋಗದಿರಲಿ. ಹತ್ತು ವರ್ಷಗಳ ಅನಂತರ ಆ ಪುಟವನ್ನು ತೆರೆದವರಿಗೆ ನಮ್ಮ ಸೀಮೆಯ ಹವೆ ಎತ್ತ ಸಾಗುತ್ತಿದೆ ಎಂಬುದು ತಿಳಿದೀತು. ಯಾವ ಬೆಳೆಯನ್ನು ಎಂದು ಹಾಕಬೇಕು ಎಂದು ಕೇಳುವ ರೈತನಿಗೆ ಕೊಡಲು ಒಂದು ಉತ್ತರವೂ ಇದ್ದೀತು.